ಬೆಣ್ಣೆ ದೋಸೆ ತಿನ್ನುತ್ತಾ ಹೇಳಿದ ಸುಳ್ಳು

“ಏನಮ್ಮಾ, ನೀವು ಆಲೂರು ಕಡೆಯೋರಾ? ನಿಮ್ ಮಾತು ನಮ್ಮೂರ ಥರಾನೇ ಐತೆ.”

ಬೆಂಗಳೂರಿನ ಹೋಟೆಲೊಂದರಲ್ಲಿ ನಿಂತು ಬೆಣ್ಣೆ ದೋಸೆ ತಿನ್ನುತ್ತಿದ್ದ ನನ್ನನ್ನು ಹೀಗೆ ಕೇಳಿದವರು ಅಲ್ಲಿ ಟೇಬಲ್ ಒರೆಸುತ್ತಿದ್ದ ಹೆಂಗಸು. ಐವತ್ತು ದಾಟಿರಬೇಕು. ಅವರು ಊಹಿಸಿದ್ದು ಸರಿಯಾಗಿಯೇ ಇತ್ತು. ಆಲೂರು ಹತ್ತಿರದ ಪಾಳ್ಯ ನನ್ನ ತವರು. ಆದರೆ ಪಕ್ಕದಲ್ಲಿ ನನ್ನ ಕಾಲೇಜು ಗೆಳತಿಯೂ ಅವಳ ಆಫೀಸಿನವರೂ ಇದ್ದರು. ಈ ಊರಿಗೆ ಬಂದವರು ತಿನ್ನಲೇಬೇಕಾದ್ದನ್ನೆಲ್ಲ ತಿನ್ನಿಸುತ್ತೇವೆಂದು ಬೆಳಗಿನಿಂದ ನನ್ನನ್ನು ಸುತ್ತಿಸುತ್ತಿದ್ದವರು, ಆಗಷ್ಟೇ ನಾನು “ಚಟ್ನಿ ಖಾರ ಐತೆ” ಅಂದದ್ದಕ್ಕೆ ಗೊಳ್ಳೆಂದು ನಕ್ಕಿದ್ದರು.

“ಇಲ್ಲ, ನಾವು ಇಲ್ಲಿಯವರೇ,” ಎಂದುಬಿಟ್ಟೆ.

ಅವರ ಮುಖ ಸಪ್ಪಗಾಯಿತು. “ತಪ್ಪು ತಿಳ್ಕೋಬೇಡಿ ಕಣಮ್ಮ. ನಾನು ಪಾಳ್ಯದೋಳು. ಊರ ಕಡೆಯೋರು ಸಿಕ್ಕಿ ವರ್ಷಗಳೇ ಆಗ್ಬುಟ್ವು, ಅದಕ್ಕೇ ಕೇಳ್ಬುಟ್ಟೆ,” ಎನ್ನುತ್ತಾ ನನ್ನ ತಟ್ಟೆಯ ಪಕ್ಕ ಚೆಲ್ಲಿದ್ದ ಸಾಂಬಾರ್ ಒರೆಸಿ ಮುಂದಿನ ಟೇಬಲಿಗೆ ಹೋದರು. ಉಳಿದ ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆಯಲು ಹೋದೆ.

ಮರುದಿನ ಮನೆಗೆ ಮರಳಲು ಸಕಲೇಶಪುರದ ರೈಲು ಹತ್ತುವ ಮೊದಲು ಒಬ್ಬಳೇ ಆ ಹೋಟೆಲಿಗೆ ಹೋದೆ. ನಿಜ ಹೇಳಿ, ತಪ್ಪಾಯ್ತು ಅಂದು, ಅವರ ಜೊತೆ ಒಂದು ಕಾಫಿ ಕುಡಿದು ಬರುವ ಆಸೆಯಿತ್ತು. ಅಂದು ಅವರಿಗೆ ವಾರದ ರಜೆ ಎಂದರು ಕೌಂಟರಿನವರು. ಇನ್ನೊಂದು ದಿನ ಉಳಿದು ಕಾಯುವಂತಿರಲಿಲ್ಲ.

ಈಗ ತವರಿಗೆ ಹೋದಾಗಲೆಲ್ಲ ಅವರ ಮನೆ ಯಾವುದಿರಬಹುದೆಂದು ಹುಡುಕುತ್ತೇನೆ. ಯಾರನ್ನಾದರೂ ವಿಚಾರಿಸೋಣವೆಂದರೆ ಹೆಸರು ಗೊತ್ತಿಲ್ಲ. ಅಷ್ಟು ಅಕ್ಕರೆಯಿಂದ ನನ್ನ ಊರು ಕೇಳಿದವರ ಹೆಸರನ್ನು ನಾನು ಕೇಳಲೇ ಇಲ್ಲ.