ಫೋಟೋದಲ್ಲಿ ಇಬ್ಬರು ಕಡಿಮೆ

ಹೋದದ್ದು ಹದಿನಾಲ್ಕು ಹುಡುಗಿಯರು. ಫೋಟೋದಲ್ಲಿ ಇದ್ದದ್ದು ಹನ್ನೆರಡು.

ಮೂರು ಸಲ ಎಣಿಸಿದೆ. ಝೂಮ್ ಮಾಡಿ ಎಣಿಸಿದೆ. (ಕನ್ನಡಕ ಒರೆಸಿಕೊಂಡೂ ಎಣಿಸಿದೆ.) ಕೌಲಾಲಂಪುರದ ಅವಳಿ ಟವರುಗಳ ಮುಂದೆ ಮೂಡುಬಿದಿರೆಯ ಶಾಲೆಯ ಥ್ರೋಬಾಲ್ ತಂಡ ಹಲ್ಲು ಕಿರಿದು ನಿಂತಿತ್ತು. ನನ್ನ ಮಗಳು ಸಿಂಚನಾ ಇರಲಿಲ್ಲ. ಅವಳ ಗೆಳತಿ ಅಫ್ರೀನಾ ಕೂಡ.

ಒಂಬತ್ತನೇ ಕ್ಲಾಸಿನ ಮಕ್ಕಳು. ಜೊತೆಗೆ ಇಬ್ಬರು ಟೀಚರು. ಅಲ್ಲಿನ ಶಾಲೆಗಳ ಜೊತೆ ಎರಡು ಮ್ಯಾಚ್, ಉಳಿದಂತೆ ಊರು ನೋಡುವುದು. ನಮ್ಮೂರು ನರಿಕೊಂಬಿನಿಂದ ಪಕ್ಕದ ಬಿ.ಸಿ. ರೋಡಿಗೆ ಮಗಳನ್ನು ಒಬ್ಬಳೇ ಬಿಡದ ನಾನು ಇದಕ್ಕೆ ಹೇಗೆ ಸಹಿ ಹಾಕಿದೆ? ಇವತ್ತಿಗೂ ಗೊತ್ತಿಲ್ಲ.

ಒಬ್ಬ ಟೀಚರಿಗೆ ಫೋನ್ ಮಾಡಿದೆ. ಬ್ಯುಸಿ. ಇನ್ನೊಬ್ಬರದು ರಿಂಗಾಗಿ ನಿಂತಿತು. ಪೋಷಕರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮಾತ್ರ ಹೂವು, ಹೃದಯ, ‘ಸೂಪರ್’. ಯಾರೂ ಎಣಿಸಲಿಲ್ಲವೇ?

ಒಬ್ಬರು ಎಣಿಸಿದ್ದರು. ಕನ್ಯಾನದಿಂದ ಅಫ್ರೀನಾಳ ತಾಯಿ ಜೊಹರಾ ಫೋನ್ ಮಾಡಿದರು.

“ಅಕ್ಕ, ಫೋಟೋ ನೋಡಿದ್ರಾ? ನಮ್ಮ ಮಕ್ಕಳು ಎಲ್ಲಿ?”

“ಫೋಟೋ ತೆಗೆದದ್ದು ಅವರೇ ಇರ್ಬೇಕು.”

“ಒಂದು ಫೋಟೋ ತೆಗೀಲಿಕ್ಕೆ ಇಬ್ಬರು ಬೇಕಾ ಅಕ್ಕ?”

ಸೌದಿಯ ದಮ್ಮಾಮಿನಲ್ಲಿರುವ ತಮ್ಮ ಗಂಡನಿಗೆ ಹೇಳುವುದೋ ಬೇಡವೋ ಎಂದು ಕೇಳಿದರು. “ಸ್ವಲ್ಪ ಕಾಯುವ” ಎಂದೆ. ಹೇಳಿದರೆ ಅದು ನಿಜವಾಗಿಬಿಡುತ್ತದೋ ಎಂಬ ಭಯ ನನಗೆ. ಒಲೆಯ ಮೇಲಿನ ಹಾಲು ಉಕ್ಕಿದ್ದು ಸೀದ ವಾಸನೆ ಬಂದ ಮೇಲೆಯೇ ತಿಳಿಯಿತು.

ಒಂದೂವರೆ ಗಂಟೆ ಕಳೆದ ಮೇಲೆ ಟೀಚರ್ ಫೋನ್ ಎತ್ತಿದರು. “ಟಾಯ್ಲೆಟ್ಟಿಗೆ ಹೋಗಿದ್ರು ಮೇಡಂ. ಇಲ್ಲೇ ಇದ್ದಾರೆ, ಮಾತಾಡಿ.” ಆಮೇಲೆ ಸಿಂಚನಾಳ ದನಿ: “ಅಮ್ಮಾ, ಎಂತ ಆಗ್ಲಿಲ್ಲ. ಮ್ಯಾಚ್ ಉಂಟು, ಇಡ್ತೇನೆ.”

ನಂಬಿದೆ. ನಂಬದೆ ಏನು ಮಾಡಲಿ, ನೀವೇ ಹೇಳಿ.

ಕಳೆದ ಶನಿವಾರ ಶಾಲೆಯಲ್ಲಿ, ಊರಿಗೆ ಮರಳಿದ ಮಕ್ಕಳ ಅನುಭವ ಹಂಚಿಕೆ. ಟವರ್ ತುಂಬಾ ಎತ್ತರ, ರಸ್ತೆ ಕ್ಲೀನ್, ಅನ್ನಕ್ಕೆ ರುಚಿಯಿಲ್ಲ, ಗೆದ್ದ ತಂಡದವರೇ ಬಂದು ಕೈಕುಲುಕಿದರು. ಒಬ್ಬೊಬ್ಬರದು ಒಂದೊಂದು. ಅಫ್ರೀನಾ ಮೈಕಿನ ಮುಂದೆ ಬಂದಳು.

“ನನಗೆ ಮರೆಯಲಾಗದ ಸ್ಥಳ ಮೆಟ್ರೋ ಸ್ಟೇಷನ್. ಎಲ್ಲರೂ ರೈಲು ಹತ್ತಿದರು. ಸಿಂಚನಾ ಮತ್ತು ನಾನು ಹತ್ತುವಾಗ ಬಾಗಿಲು ಮುಚ್ಚಿತು.”

ಪಕ್ಕದಲ್ಲಿದ್ದ ಜೊಹರಾ ನನ್ನ ಮೊಣಕೈ ಹಿಡಿದರು. (ಉಗುರಿನ ಗುರುತು ಎರಡು ದಿನ ಇತ್ತು.)

ಅಫ್ರೀನಾ ಅತ್ತಳಂತೆ. ಸಿಂಚನಾ “ಇಲ್ಲಿಂದ ಅಲ್ಲಾಡುವುದು ಬೇಡ” ಎಂದು ಅವಳ ಕೈ ಹಿಡಿದು ಕುಳಿತಳಂತೆ. ಪ್ಲಾಟ್‌ಫಾರ್ಮ್ ಗುಡಿಸುತ್ತಿದ್ದ ತಮಿಳು ಹೆಂಗಸೊಬ್ಬರು ಅವರ ಐಡಿ ಕಾರ್ಡ್ ನೋಡಿ, ಆಫೀಸಿನಿಂದ ಟೀಚರಿಗೆ ಫೋನ್ ಮಾಡಿಸಿದರಂತೆ. ಒಬ್ಬ ಟೀಚರ್ ವಾಪಸ್ ಬರುವವರೆಗೂ ಪೊರಕೆ ಹಿಡಿದು ಪಕ್ಕದಲ್ಲೇ ನಿಂತರಂತೆ. ಉಳಿದವರು ಅಷ್ಟರಲ್ಲಿ ಟವರ್ ತಲುಪಿ ಫೋಟೋ ತೆಗೆಸಿಕೊಂಡಿದ್ದರು.

“ಅವತ್ತು ಮ್ಯಾಚಿನಲ್ಲಿ ನಮಗೆ ಹೆದರಿಕೆಯೇ ಆಗಲಿಲ್ಲ,” ಎಂದಳು ಅಫ್ರೀನಾ. “ಸೋತೆವು, ಅದು ಬೇರೆ.”

ಸಭೆ ನಕ್ಕಿತು. ನಾವಿಬ್ಬರು ತಾಯಂದಿರು ನಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಸಿಂಚನಾಳನ್ನು ಕೇಳಿದೆ. “ನನ್ನ ಹತ್ರ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಇನ್ನು ಎಲ್ಲಿಗಾದ್ರೂ ಕಳಿಸ್ತಿದ್ಯಾ ನೀನು?” ಎಂದಳು. ಆಮೇಲೆ ಮೆಲ್ಲಗೆ, “ಟೀಚರಿಗೆ ಬೈಬೇಡ. ಅವರು ನಿಂಗೆ ಹೇಳ್ತೇನೆ ಅಂತಲೇ ಇದ್ರು. ಅಮ್ಮನಿಗೆ ಬಿಪಿ ಉಂಟು, ಟಾಯ್ಲೆಟ್ ಅಂತ ಹೇಳಿ ಅಂದದ್ದು ನಾನೇ.”

ಹದಿನಾಲ್ಕು ವರ್ಷದ ಹುಡುಗಿ, ಗುರುತಿಲ್ಲದ ಊರಿನ ಸ್ಟೇಷನ್ನಿನಲ್ಲಿ ಕುಳಿತು ಯೋಚಿಸಿದ್ದು ನನ್ನ ಬಿಪಿಯ ಬಗ್ಗೆ!

ಅಂದಿನಿಂದ ನನಗೆ ಹೊಸ ಚಿಂತೆ: ನಮ್ಮ ಹೆದರಿಕೆಗೆ ಹೆದರಿ ಮಕ್ಕಳು ಇನ್ನೂ ಏನೇನು ಬಾಯಿಬಿಡದೆ ಕುಳಿತಿದ್ದಾರೆ?