ವೈಜಯಂತಿಯ ಗಂಟಲು

ಅಮೆರಿಕದ ಎಡಿಸನ್ ಊರಿನ ವೈಜಯಂತಿಗೆ ವಾರದ ಐದು ದಿನ ಎರಡು ಸಾವಿರದ ಇಸವಿ ಬಂದಾಗ ಕಂಪ್ಯೂಟರುಗಳು ಕೆಡದಿರಲೆಂದು ಪ್ರೋಗ್ರಾಮುಗಳಲ್ಲಿ ವೈಟುಕೆ ತಪ್ಪು ಹುಡುಕುವ ಕೆಲಸ. ಶನಿವಾರ ಬಂತೆಂದರೆ ಕಾಡಿನ ದಾರಿಯಲ್ಲಿ ಓಟ. ಹಿಮ ಬಿದ್ದಿದ್ದರೂ ಕನ್ನಡದವರ ಓಟದ ಗುಂಪಿಗೆ ಆಕೆಯೇ ಮುಂದಾಳು. "ಎಡಕ್ಕೆ ಬೇರು! ಬಲಕ್ಕೆ ಐಸ್! ಕಾಲೆತ್ತಿ ಇಡಿ!" ಎಂಬ ಕೂಗು ಹತ್ತು ಮೈಲಿಯೂ ನಿಲ್ಲದು, ಅದಕ್ಕೆ ಹೆದರಿ ಜಿಂಕೆಗಳೆಲ್ಲ ಪಕ್ಕದ ಕೌಂಟಿಗೆ ಮನೆ ಬದಲಾಯಿಸಿವೆಯೆಂದು ಗುಂಪಿನವರು ನಗುತ್ತಿದ್ದರು. ಆಕೆಯ ಬೆನ್ನಿಗೇ ಓಡುವ ಗಂಡ ಶ್ರೀಕಂಠನನ್ನು ಕಂಡರೆ ಹೊಸದಾಗಿ ಸೇರಿದ ಋಷಿಗೆ ಅಯ್ಯೋ ಅನ್ನಿಸುತ್ತಿತ್ತು: ಪಾಪ, ಮನೆಯಲ್ಲೂ ಇದೇ, ಇಲ್ಲೂ ಇದೇ. ಜನವರಿಯ ಒಂದು ಶನಿವಾರ ಆಕೆಯ ಗಂಟಲು ಕಟ್ಟಿ ದನಿಯೇ ಹೊರಡಲಿಲ್ಲ. "ಇವತ್ತಾದ್ರೂ ಹಾಯಾಗಿ ಓಡಿ ಸಾರ್," ಎಂದ ಋಷಿ. ಶ್ರೀಕಂಠ ಮೊದಲ ತಿರುವಿನಲ್ಲೇ ನಿಂತುಬಿಟ್ಟ. "ಹೇಗೆ ಓಡ್ಲಪ್ಪಾ? ಎರಡು ವರ್ಷದಿಂದ ಕಣ್ಣು ಮಂಜಾಗ್ತಾ ಇದೆ. ಸ್ನೋ ಬಿದ್ರೆ ನಂಗೆ ಎಲ್ಲಾ ಒಂದೇ ಬಿಳುಪು. ಅವಳ ದನಿ ಹಿಡ್ಕೊಂಡೇ ನಾನು ಓಡೋದು." ಋಷಿ ಮುಂದಕ್ಕೆ ಹೋಗಿ, ಕಣ್ಣಿಗೆ ಬಿದ್ದ ಕಲ್ಲು, ಕೊಂಬೆ, ಹಳ್ಳಗಳನ್ನೆಲ್ಲ ಕೂಗಿ ಹೇಳುತ್ತ ಓಡತೊಡಗಿದ. ಅವನು ಹೇಳಲು ಮರೆತ ಒಂದೊಂದು ಕಲ್ಲಿಗೂ ವೈಜಯಂತಿ ಹಿಂದಿನಿಂದ ಅವನ ಬೆನ್ನಿಗೊಂದು ಗುದ್ದು ಕೊಡುತ್ತಿದ್ದಳು.