ಥಂಡಿ ಊರಿನ ಟಿಕೀಟು

ಸವಣೂರಿನ ಬಸ್ ಸ್ಟ್ಯಾಂಡಿನ ಎದುರು ಟಿಕೀಟು ಬುಕಿಂಗ್ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಮಾಲತೇಶ, ಹುಡುಗಿಯನ್ನು ಮದುವೆಗೆ ಕೇಳಲು ಒಳ್ಳೆಯ ಊರು ಹುಡುಕುತ್ತ ಬಂದವರಿಗೆ ಎಲೆ ಅಡಿಕೆ ಕೊಟ್ಟೇ ಮಾತು ಶುರು ಮಾಡುತ್ತಿದ್ದ. ಗೋವಾ ಎಂದವರನ್ನು ಗದರುತ್ತಿದ್ದ: ‘ಬೆವರು ಒರಸ್ಕೋತ ಕೇಳ್ತೀಯೇನಲೇ? ಡಿಸೆಂಬರದಾಗ ಉದಯಪುರಕ್ಕ ಹೋಗು. ಒಂದ ಶಾಲು ಒಯ್ಯಿ, ಎರಡು ಒಯ್ದಿ ಅಂದ್ರ ಕೆಲಸ ಕೆಟ್ಟಂಗ.’ ಹುಡುಗಿಯ ಅಕ್ಕ ಕಾವಲಿಗೆ ಹೊರಟರೆ, ಪುಣೆಯವರೆಗಿನ ಬಸ್ಸಿನಲ್ಲಿ ಆಕೆಗೆ ಡ್ರೈವರನ ಹಿಂದಿನ ಸೀಟು, ಜೋಡಿಗೆ ಕಟ್ಟಕಡೆಯದು. ‘ಅಕ್ಕಾರ, ಹಿಂದ ಕುಂತ್ರ ನಿಮಗ ವಾಂತಿ ಆಗತೈತ್ರಿ’ ಎಂದು ತಾನೇ ತೀರ್ಮಾನಿಸುತ್ತಿದ್ದ. ಶಿಮ್ಲಾದ ಚಳಿ ವರ್ಣಿಸುವಾಗ ಏಪ್ರಿಲ್‌ನಲ್ಲೂ ಫ್ಯಾನ್ ಆರಿಸುತ್ತಿದ್ದ. ತಾನು ಮಾತ್ರ ಹುಬ್ಬಳ್ಳಿ ದಾಟಿರಲಿಲ್ಲ. ನನ್ನನ್ನೂ ಉದಯಪುರಕ್ಕೆ ಕಳಿಸಿದ್ದ. ಅಲ್ಲಿನ ಕೆರೆಯ ದಂಡೆಯಲ್ಲಿ ತನುಜಾಳನ್ನು ಕೇಳುವಾಗ ಹೆದರಿಕೆಗೆ ನನ್ನ ಕೈ ನಡುಗಿತು. ಚಳಿಯೆಂದು ತಿಳಿದ ಅವಳು ಅದನ್ನು ಶಾಲಿನೊಳಗೆ ಎಳೆದುಕೊಂಡು ಹೂಂ ಅಂದಳು. ಆ ಹೂಂ ಮಾಲತೇಶ ಕೊಡಿಸಿದ್ದು. ಹೋದ ತಿಂಗಳು ಅವನು ತೀರಿಕೊಂಡ. ನಿನ್ನೆ ನಾನೂ ತನುಜಾಳೂ ಹೋದಾಗ ಅವನ ಹೆಂಡತಿ ನೇತ್ರಾ ಅಂಗಡಿ ತೆರೆದು ಕುಳಿತಿದ್ದಳು. ಅವನಿಗೆ ಥಂಡಿಯ ಹುಚ್ಚು ಎಲ್ಲಿಂದ ಬಂತು ಎಂದು ಕೇಳಿದೆ. ‘ಅಂವ ನನ್ನ ಮದಿವಿಗೆ ಕೇಳಿದ್ದು ಸುಡು ಬ್ಯಾಸಿಗ್ಯಾಗ್ರಿ ಅಣ್ಣಾರ, ಇದ ಬೆಂಚಿನ ಮ್ಯಾಲೆ. ಕೈ ಗಡಗಡ ನಡಗಾಕತ್ತಿದ್ವು. ಥಂಡಿ ಅನ್ನಾಕೂ ಬರಂಗಿರಲಿಲ್ಲ. ನಾ ನಕ್ಕಬಿಟ್ಟೆ. ಬ್ಯಾರೆ ಹುಡುಗ್ರಿಗೆ ಹಂಗ ಆಗಬಾರದು ಅಂತಿದ್ದ.’ ತನುಜಾ ನನ್ನ ಕೈಯನ್ನೊಮ್ಮೆ ನೋಡಿದಳು. ಆಮೇಲೆ ಅದನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.